ಕಂಪನಿ ಅಸಲಿ ಇರಬಹುದು, ಪತ್ರ ಬರೆದವರು ಯಾರು?

ಪ್ರಶ್ನೆ: ನಾನು ಆರು ವರ್ಷಗಳಿಂದ ಸಾಫ್ಟ್‌ವೇರ್ ಟೆಸ್ಟರ್ ಆಗಿದ್ದೇನೆ. ಮನೆಯಿಂದಲೇ ಮಾಡಬಹುದಾದ ವಿದೇಶಿ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದಾಗ ಒಂದೇ ವಾರದಲ್ಲಿ ಎರಡು ಕಡೆಯಿಂದ ಕರೆ ಬಂತು. ಮೊದಲನೆಯದು ಹೆಸರುವಾಸಿಯಾದ ದೊಡ್ಡ ಕಂಪನಿ. ಸಂದರ್ಶನವೆಲ್ಲ ಟೆಲಿಗ್ರಾಂನಲ್ಲಿ ಬರಹದ ಮೂಲಕವೇ ಮುಗಿಯಿತು, ಮರುದಿನವೇ ನೇಮಕಾತಿ ಪತ್ರ ಬಂತು. ಪಾಸ್‌ಪೋರ್ಟ್ ಪ್ರತಿ ಕೇಳಿದರು, ಕಳಿಸಿದೆ. ಈಗ ಅವರು ಸೂಚಿಸುವ ಮಾರಾಟಗಾರರಿಂದಲೇ ಲ್ಯಾಪ್‌ಟಾಪ್ ಕೊಳ್ಳಬೇಕು, ಆ ಹಣವನ್ನು ಮೊದಲ ಸಂಬಳದೊಂದಿಗೆ ಮರಳಿಸುತ್ತೇವೆ ಎನ್ನುತ್ತಿದ್ದಾರೆ. ಕಂಪನಿಯ ಹೆಸರು ಹುಡುಕಿ ನೋಡಿದೆ, ಅಂಥ ಕಂಪನಿ ನಿಜವಾಗಿಯೂ ಇದೆ. ಎರಡನೆಯದು ಹತ್ತು ಹನ್ನೆರಡು ಜನರಿರುವ, ಯಾರೂ ಹೆಸರು ಕೇಳದ ಸಂಸ್ಥೆ. ವಿಡಿಯೊ ಸಂದರ್ಶನದ ನಡುವೆ ಅವರು ಮುಖದ ಮುಂದೆ ಕೈ ಆಡಿಸಲು ಹೇಳಿದರು, ನನಗೆ ಅವಮಾನವೆನಿಸಿತು. ಈಗ ಒಂದು ವಾರ ಸಂಬಳವಿಲ್ಲದೆ ಪರೀಕ್ಷಾರ್ಥ ಕೆಲಸ ಮಾಡಬೇಕಂತೆ, ಅದಕ್ಕಾಗಿ ಅವರ ಕೋಡ್ ಅನ್ನು ನನ್ನ ಕಂಪ್ಯೂಟರಿಗೆ ಇಳಿಸಿಕೊಂಡು ಓಡಿಸಬೇಕಂತೆ. ಇಬ್ಬರಲ್ಲಿ ಯಾರನ್ನು ನಂಬಲಿ? ಅವರು ನನ್ನನ್ನು ನಂಬುವಂತೆ ಮಾಡುವುದು ಹೇಗೆ?

ಉತ್ತರ: ಮೊದಲು ತುರ್ತಿನ ಮಾತು: ಲ್ಯಾಪ್‌ಟಾಪಿಗೆಂದು ಹಣ ಕಳಿಸಬೇಡಿ. ನೀವು ವಿವರಿಸಿದ ಮೊದಲ ಪ್ರಕರಣ ವಂಚನೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಎರಡನೆಯದು ಅಸಲಿಯಾಗಿರುವ ಸಾಧ್ಯತೆಯೇ ಹೆಚ್ಚು, ಆದರೆ ಅವರು ಒಡ್ಡಿರುವ ಷರತ್ತುಗಳನ್ನು ಇದ್ದಂತೆಯೇ ಒಪ್ಪಿಕೊಳ್ಳಬೇಕಾಗಿಲ್ಲ. ನಿಮ್ಮ ಪತ್ರ ಓದುವಾಗ ನನ್ನ ಗಮನಕ್ಕೆ ಬಂದದ್ದೇನೆಂದರೆ, ದೊಡ್ಡ ಹೆಸರು ನಿಮಗೆ ಧೈರ್ಯ ಕೊಟ್ಟಿದೆ, ಕೈ ಆಡಿಸಿ ಎಂದ ಮಾತು ಮುಜುಗರ ತಂದಿದೆ. ಈ ಎರಡೂ ಅನಿಸಿಕೆಗಳು ತಿರುಗುಮುರುಗಾಗಿವೆ.

ಕಂಪನಿ ನಿಜವಾಗಿಯೂ ಇದೆಯೇ ಎಂದು ನೀವು ಹುಡುಕಿದಿರಿ, ಇದೆ ಎಂದು ತಿಳಿದು ಸಮಾಧಾನಪಟ್ಟಿರಿ. ಇಲ್ಲದ ಕಂಪನಿಯೊಂದನ್ನು ಸೃಷ್ಟಿಸಿ, ಅದಕ್ಕೆ ಜಾಲತಾಣ ಕಟ್ಟಿ, ಹೆಸರು ಬೆಳೆಸುವ ಶ್ರಮವನ್ನು ಇಂದಿನ ವಂಚಕರು ಹೆಚ್ಚಾಗಿ ಪಡುವುದಿಲ್ಲ, ಇರುವ ಕಂಪನಿಯ ಹೆಸರನ್ನು ಎರವಲು ಪಡೆಯುವುದು ಅವರಿಗೆ ಸುಲಭ. ಹೀಗಿರುವಾಗ ಕಂಪನಿಯ ಹೆಸರು, ವಿಳಾಸ, ಮುಖ್ಯಸ್ಥರ ಭಾವಚಿತ್ರ, ಎಚ್‌ಆರ್ ವಿಭಾಗದವರ ಹೆಸರು ಎಲ್ಲವೂ ಪರಿಶೀಲನೆಯಲ್ಲಿ ಸರಿಯಾಗಿಯೇ ಬರುತ್ತವೆ, ಏಕೆಂದರೆ ಅವೆಲ್ಲವೂ ನಿಜವೇ. ನಿಜವಲ್ಲದ್ದು ಒಂದೇ, ಆ ಕಂಪನಿಗೂ ನಿಮ್ಮೊಡನೆ ಟೆಲಿಗ್ರಾಂನಲ್ಲಿ ಮಾತಾಡುತ್ತಿರುವ ವ್ಯಕ್ತಿಗೂ ಇರುವ ಸಂಬಂಧ. ನೀವು ಪರೀಕ್ಷಿಸಬೇಕಾದದ್ದು ಆ ಸಂಬಂಧವನ್ನು. ಅದನ್ನು ಪರೀಕ್ಷಿಸುವ ದಾರಿಯನ್ನು ಅವರಿಂದ ಪಡೆಯಬಾರದು, ನೀವೇ ಹುಡುಕಿಕೊಳ್ಳಬೇಕು. ಅವರು ಕೊಟ್ಟ ಫೋನ್ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಳ್ಳುವುದೆಂದರೆ ಕಳ್ಳನ ಬಳಿ ಹೋಗಿ ಕಳ್ಳನ ವಿಳಾಸ ಕೇಳಿದಂತೆ.

ನಿಮಗೆ ಬಂದ ಇಮೇಲ್ ಅನ್ನು ತೆರೆದು, ಕಳಿಸಿದವರ ಹೆಸರಿನ ಮೇಲೆ ಒತ್ತಿ, ಪೂರ್ಣ ವಿಳಾಸ ನೋಡಿ. ತೆರೆಯ ಮೇಲೆ ಕಾಣುವ ಹೆಸರನ್ನು ಯಾರು ಬೇಕಾದರೂ ಹೇಗೆ ಬೇಕಾದರೂ ಬರೆದುಕೊಳ್ಳಬಹುದು, ಆದ್ದರಿಂದ ನಿಮಗೆ ಬೇಕಾದದ್ದು ಅಟ್ ಚಿಹ್ನೆಯ ನಂತರದ ಭಾಗ. ಅದನ್ನು ಬಲದಿಂದ ಎಡಕ್ಕೆ ಓದುವುದನ್ನು ರೂಢಿಸಿಕೊಳ್ಳಿ. ಕೊನೆಯ ಚುಕ್ಕಿಯ ಹಿಂದಿರುವ ಪದವೇ ಸಾಮಾನ್ಯವಾಗಿ ಡೊಮೈನಿನ, ಅಂದರೆ ಆ ಅಂತರಜಾಲ ವಿಳಾಸದ, ನಿಜವಾದ ಮಾಲೀಕನನ್ನು ತಿಳಿಸುತ್ತದೆ. ಕಂಪನಿಯ ಹೆಸರಿನ ಮುಂದೆ ಅಡ್ಡಗೆರೆ ಎಳೆದು ಕೆರಿಯರ್ಸ್ ಎಂದೋ ಹೈರಿಂಗ್ ಎಂದೋ ಸೇರಿಸಿದ್ದರೆ ಅದು ಕಂಪನಿಯ ಶಾಖೆಯಂತೆ ಕಾಣುತ್ತದೆ, ಆದರೆ ತಾಂತ್ರಿಕವಾಗಿ ಅದು ಪೂರ್ತಿ ಬೇರೆಯೇ ಡೊಮೈನ್, ಸ್ವಲ್ಪ ಹಣ ಕೊಟ್ಟರೆ ಯಾರು ಬೇಕಾದರೂ ನೋಂದಾಯಿಸಿಕೊಳ್ಳಬಹುದಾದದ್ದು. ಕೆಲವೊಮ್ಮೆ ಒಂದು ಅಕ್ಷರ ಮಾತ್ರ ಬದಲಾಗಿರುತ್ತದೆ. ಸಣ್ಣ ಎಲ್ ಇರಬೇಕಾದಲ್ಲಿ ದೊಡ್ಡ ಐ, ಎಂ ಇರಬೇಕಾದಲ್ಲಿ ಆರ್ ಮತ್ತು ಎನ್ ಒತ್ತೊತ್ತಾಗಿ ನಿಂತಿರುತ್ತವೆ, ಮೊಬೈಲ್ ತೆರೆಯಲ್ಲಿ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ಆ ಡೊಮೈನ್ ಯಾವಾಗ ನೋಂದಣಿಯಾಯಿತು ಎಂಬುದನ್ನು, ಡೊಮೈನ್ ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕಾನ್ ಸಂಸ್ಥೆಯ ಉಚಿತ ಹುಡುಕಾಟ ಸೌಲಭ್ಯದಲ್ಲಿ ನೋಡಬಹುದು. ಡಾಟ್ ಕಾಮ್‌ನಂಥ ಡೊಮೈನ್‌ಗಳಿಗೆ ನೋಂದಣಿಯ ವಿವರ ತಿಳಿಸುತ್ತಿದ್ದ ಹಳೆಯ ಹೂಈಸ್ ವ್ಯವಸ್ಥೆಯ ಜಾಗಕ್ಕೆ 2025ರ ಜನವರಿಯಿಂದ ಆರ್‌ಡಿಎಪಿ ಎಂಬ ಹೊಸ ವ್ಯವಸ್ಥೆ ಬಂದಿದೆ, ಮಾಲೀಕನ ಹೆಸರು ಈಗ ಹೆಚ್ಚಾಗಿ ಮರೆಯಾಗಿರುತ್ತದೆ, ಆದರೆ ನೋಂದಣಿಯ ದಿನಾಂಕ ಕಾಣುತ್ತದೆ. ಹತ್ತಾರು ವರ್ಷ ಹಳೆಯ ಕಂಪನಿಯ ನೇಮಕಾತಿ ವಿಭಾಗ ಮೂರು ವಾರದ ಹಿಂದೆ ಹುಟ್ಟಿದ ಡೊಮೈನಿನಿಂದ ಪತ್ರ ಬರೆಯುತ್ತಿದ್ದರೆ ಮುಂದಿನ ತನಿಖೆಯ ಅಗತ್ಯವೇ ಇಲ್ಲ.

ಈಗ ಲ್ಯಾಪ್‌ಟಾಪಿನ ವಿಷಯ. ಈ ವಂಚನೆಯ ಕೀಲು ಇರುವುದೇ ಇಲ್ಲಿ. ಸೂಚಿತ ಮಾರಾಟಗಾರನೂ ಅದೇ ಗುಂಪಿನವನು, ಲ್ಯಾಪ್‌ಟಾಪ್ ಎಂದೂ ಬರುವುದಿಲ್ಲ. ಇದರದೇ ಇನ್ನೊಂದು ರೂಪದಲ್ಲಿ ಹಣ ಕೊಡುವವರು ಅವರೇ ಆಗಿರುತ್ತಾರೆ: ಉಪಕರಣ ಕೊಳ್ಳಲೆಂದು ಒಂದು ಚೆಕ್ ಕಳಿಸುತ್ತಾರೆ, ಬ್ಯಾಂಕ್ ಆ ಮೊತ್ತವನ್ನು ಒಂದೆರಡು ದಿನದಲ್ಲಿ ನಿಮ್ಮ ಖಾತೆಯಲ್ಲಿ ತೋರಿಸುತ್ತದೆ, ನೀವು ನಂಬಿ ಮಾರಾಟಗಾರನಿಗೆ ಹಣ ದಾಟಿಸುತ್ತೀರಿ, ವಾರಗಳ ನಂತರ ಚೆಕ್ ನಕಲಿ ಎಂದು ಮರಳುತ್ತದೆ. ಖಾತೆಯಲ್ಲಿ ಕಾಣಿಸಿಕೊಳ್ಳುವುದೂ ಹಣ ನಿಮ್ಮದಾಗುವುದೂ ಬೇರೆ ಬೇರೆ ಘಟನೆಗಳು ಎಂಬುದು ತಿಳಿಯುವಷ್ಟರಲ್ಲಿ ನೀವು ಬ್ಯಾಂಕಿಗೆ ಸಾಲಗಾರರಾಗಿರುತ್ತೀರಿ. ಹೆಸರು ಏನೇ ಇರಲಿ, ತರಬೇತಿ ಶುಲ್ಕ, ಹಿನ್ನೆಲೆ ಪರಿಶೀಲನೆಯ ವೆಚ್ಚ, ಮರಳಿ ಸಿಗುವ ಠೇವಣಿ, ವೀಸಾ ಖರ್ಚು, ಕೆಲಸ ಕೊಡುವವರ ಕಡೆಗೆ ಕೆಲಸಗಾರನಿಂದ ಹಣ ಹರಿಯಬೇಕೆಂದಾಗಲೇ ಮಾತು ನಿಲ್ಲಿಸಬಹುದು. ಇದು ನನ್ನ ಸ್ವಂತ ಕಟ್ಟುನಿಟ್ಟು ಎಂದು ತಿಳಿಯಬೇಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೆಯ ಒಡಂಬಡಿಕೆ, ಖಾಸಗಿ ಉದ್ಯೋಗ ಏಜೆನ್ಸಿಗಳು ಕೆಲಸಗಾರರಿಂದ ನೇರವಾಗಿಯಾಗಲಿ ಬಳಸು ದಾರಿಯಲ್ಲಾಗಲಿ ಶುಲ್ಕ ಪಡೆಯಬಾರದೆಂದು ತನ್ನ 7ನೆಯ ವಿಧಿಯಲ್ಲಿ ಹೇಳುತ್ತದೆ. ಎಲ್ಲ ದೇಶಗಳೂ ಅದನ್ನು ಅನುಮೋದಿಸಿಲ್ಲ, ಒಡಂಬಡಿಕೆಯೇ ಕೆಲವು ವಿನಾಯಿತಿಗಳಿಗೆ ಎಡೆ ಬಿಟ್ಟಿದೆ, ಕೆಲವೆಡೆ ಕಾನೂನು ಮಿತಿಯೊಳಗಿನ ಶುಲ್ಕಕ್ಕೆ ಅವಕಾಶ ಕೊಡುತ್ತದೆ. ಆದರೆ ಕಂಪ್ಯೂಟರಿನ ಮುಂದೆ ಕುಳಿತು ಮಾಡುವ ರಿಮೋಟ್ ಕೆಲಸಕ್ಕೆ, ದೊಡ್ಡ ಕಂಪನಿಯೊಂದು ನೇರವಾಗಿ ನೇಮಿಸಿಕೊಳ್ಳುವಾಗ, ಅಂಥ ವಿನಾಯಿತಿಯನ್ನು ಹುಡುಕಿಕೊಂಡು ಹೋಗುವುದರಲ್ಲಿ ಅರ್ಥವಿಲ್ಲ.

ಬರಹದಲ್ಲೇ ನಡೆದ ಸಂದರ್ಶನದ ಬಗೆಗೂ ಒಂದು ಮಾತು. ವರ್ಷಗಟ್ಟಲೆ ಸಂಬಳ ಕೊಡಬೇಕಾದವನು ನಿಮ್ಮ ಮುಖ ನೋಡದೆ, ದನಿ ಕೇಳದೆ, ನೀವು ಹಿಂದೆ ಹುಡುಕಿದ ಒಂದಾದರೂ ದೋಷದ ಕಥೆ ಕೇಳದೆ ಮರುದಿನವೇ ಪತ್ರ ಕೊಟ್ಟರೆ, ಅವನಿಗೆ ಬೇಕಾದದ್ದು ನಿಮ್ಮ ಕೆಲಸವಲ್ಲ ಎಂದು ಅರ್ಥ. ನೇಮಕಾತಿಯ ಇನ್ನೊಂದು ಬದಿಯಲ್ಲಿ ಕುಳಿತು ನೂರಾರು ಸಂದರ್ಶನ ಮಾಡಿದವನಾಗಿ ಹೇಳುತ್ತೇನೆ, ಸುಲಭವಾಗಿ ಮುಗಿದ ಸಂದರ್ಶನ ನನಗೆ ನೆನಪಿಲ್ಲ.

ನೀವು ಈಗಾಗಲೇ ಪಾಸ್‌ಪೋರ್ಟ್ ಪ್ರತಿ ಕಳಿಸಿದ್ದೀರಿ. ಗಾಬರಿಯಾಗಬೇಡಿ, ಹಾಗೆಂದು ಸುಮ್ಮನಿರಲೂ ಬೇಡಿ. ಬರಿಯ ಪ್ರತಿಯನ್ನು ಹಿಡಿದು ಯಾರೂ ಗಡಿ ದಾಟಲಾರರು. ಅದು ಉಪಯೋಗಕ್ಕೆ ಬರುವುದು ಬೇರೆ ಕಡೆ: ನಿಮ್ಮ ಹೆಸರಿನಲ್ಲಿ ಕ್ರಿಪ್ಟೊ ಖಾತೆ ತೆರೆಯಲು, ಮುಂದಿನ ಬಲಿಪಶುವಿಗೆ ಇಗೋ ನನ್ನ ಗುರುತು ಎಂದು ತೋರಿಸಲು, ಅಥವಾ ನಿಮ್ಮ ಹೆಸರು ಹೊತ್ತು ಇನ್ನೊಂದು ಕಂಪನಿಯಲ್ಲಿ ಕೆಲಸಕ್ಕೆ ಅರ್ಜಿ ಹಾಕಲು. ಪಾಸ್‌ಪೋರ್ಟನ್ನು ಮುಖದ ಪಕ್ಕ ಹಿಡಿದು ತೆಗೆದ ಸೆಲ್ಫಿಯನ್ನೂ ಕೇಳುತ್ತಾರೆ, ಕೊಡಬೇಡಿ. ದೂರದಿಂದ ಖಾತೆ ತೆರೆಯುವ ಅನೇಕ ಸೇವೆಗಳಿಗೆ ಬೇಕಾಗುವುದೇ ಆ ಜೋಡಿ ಚಿತ್ರ. ಇಡೀ ಸಂಭಾಷಣೆಯ ತೆರೆಚಿತ್ರಗಳನ್ನು ತೆಗೆದಿಡಿ, ಟೆಲಿಗ್ರಾಂನಲ್ಲಿ ಎದುರಿನವರು ಸಂದೇಶಗಳನ್ನು ಇಬ್ಬರ ಕಡೆಯಿಂದಲೂ ಅಳಿಸಬಲ್ಲರು ಎಂಬುದು ನೆನಪಿರಲಿ. ನಿಮ್ಮ ದೇಶದ ಸೈಬರ್ ಅಪರಾಧ ವಿಭಾಗಕ್ಕೆ ದೂರು ಕೊಟ್ಟು ದಾಖಲೆಯ ಸಂಖ್ಯೆ ಪಡೆಯಿರಿ. ದುರುಪಯೋಗವಾದ ದಿನ ನನ್ನ ಪ್ರತಿ ಇಂಥ ದಿನಾಂಕದಂದೇ ವಂಚಕರ ಕೈ ಸೇರಿತ್ತು ಎಂದು ತೋರಿಸಲು ನಿಮ್ಮ ಬಳಿ ಇರುವ ಆಧಾರ ಅದೊಂದೇ. ಪಾಸ್‌ಪೋರ್ಟ್ ಕೊಟ್ಟ ಕಚೇರಿಗೂ, ನಿಮ್ಮಲ್ಲಿ ಸಾಲದ ದಾಖಲೆ ಇಡುವ ಸಂಸ್ಥೆಗಳಿದ್ದರೆ ಅವಕ್ಕೂ ತಿಳಿಸಿ. ಕಂಪನಿಯ ಅಧಿಕೃತ ಜಾಲತಾಣದ ಮೂಲಕ ಅವರ ನೇಮಕಾತಿ ವಿಭಾಗಕ್ಕೂ ಎರಡು ಸಾಲು ಬರೆಯಿರಿ, ತಮ್ಮ ಹೆಸರಿನಲ್ಲಿ ನಡೆಯುವ ಮೋಸದ ಬಗ್ಗೆ ಅವರಿಗೆ ಕೊನೆಗೆ ತಿಳಿಯುವುದೇ ಹೆಚ್ಚು. ಇನ್ನು ಸಂಬಳ ಹಾಕಲು ಖಾತೆ ಸಂಖ್ಯೆ ಕೊಟ್ಟಿದ್ದರೆ ಸಾಮಾನ್ಯವಾಗಿ ಅದೊಂದರಿಂದಲೇ ಹಣ ಹೋಗುವುದಿಲ್ಲ, ಆದರೆ ಗುರುತಿಲ್ಲದ ಹಣ ಆ ಖಾತೆಗೆ ಬಂದು, ಹೆಚ್ಚಾಗಿ ಬಂದಿದೆ, ಉಳಿದದ್ದನ್ನು ಇನ್ನೊಬ್ಬರಿಗೆ ಕಳಿಸಿ ಎಂಬ ಸಂದೇಶ ಬಂದರೆ ಕಳಿಸದೆ ಬ್ಯಾಂಕಿಗೆ ಹೇಳಿ. ಕದ್ದ ಹಣವನ್ನು ದಾಟಿಸಿದವರು ತಿಳಿಯದೆ ಮಾಡಿದರೂ ವಿಚಾರಣೆ ಎದುರಿಸಬೇಕಾಗುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದಿದ್ದರೂ ಎರಡು ಬಗೆಯ ಮೋಸಗಳನ್ನು ಹೆಸರಿಸಿ ಮುಂದೆ ಹೋಗುತ್ತೇನೆ. ವಿಡಿಯೊಗಳಿಗೆ ಮೆಚ್ಚುಗೆ ಒತ್ತಿ, ಉತ್ಪನ್ನಗಳಿಗೆ ರೇಟಿಂಗ್ ಕೊಡಿ, ಪ್ರತಿ ಟಾಸ್ಕಿಗೂ ಹಣ ಎಂಬುದು ಒಂದು. ಮೊದಲು ಸ್ವಲ್ಪ ಹಣ ನಿಜವಾಗಿಯೂ ಬರುತ್ತದೆ, ಆಮೇಲೆ ಮುಂದಿನ ಹಂತಕ್ಕೆ ನೀವೇ ಕ್ರಿಪ್ಟೊ ತುಂಬಬೇಕು ಎನ್ನುತ್ತಾರೆ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ಗೆ ಇಂಥ ದೂರು 2020ರಲ್ಲಿ ಒಂದೂ ಬಂದಿರಲಿಲ್ಲ, 2023ರಲ್ಲಿ ಸುಮಾರು 5,000 ಬಂದವು, 2024ರ ಮೊದಲ ಆರು ತಿಂಗಳಲ್ಲೇ ಸುಮಾರು 20,000 ಬಂದವು. ಅದೇ ಆರು ತಿಂಗಳಲ್ಲಿ ಎಲ್ಲ ಬಗೆಯ ಉದ್ಯೋಗ ವಂಚನೆಗಳಲ್ಲಿ ಜನ ಕಳೆದುಕೊಂಡೆವೆಂದು ಹೇಳಿಕೊಂಡ ಮೊತ್ತ 22 ಕೋಟಿ ಡಾಲರ್ ದಾಟಿತ್ತು. ಇನ್ನೊಂದು ಇದಕ್ಕಿಂತ ಘೋರ: ಆನ್‌ಲೈನ್ ಕೆಲಸವೆಂದು ಆರಂಭವಾಗಿ, ತರಬೇತಿಗೆ ಬನ್ನಿ ಎಂದು ವಿಮಾನದ ಟಿಕೆಟ್ ಬರುತ್ತದೆ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ 2023ರ ಆಗಸ್ಟ್‌ನಲ್ಲಿ ಹೇಳಿದ ಪ್ರಕಾರ, ಮ್ಯಾನ್ಮಾರ್‌ನಲ್ಲಿ ಕನಿಷ್ಠ 1,20,000 ಜನ, ಕಾಂಬೋಡಿಯಾದಲ್ಲಿ ಸುಮಾರು 1,00,000 ಜನ ಬಲವಂತವಾಗಿ ಆನ್‌ಲೈನ್ ವಂಚನೆಯ ಕೆಲಸ ಮಾಡುವ ಸ್ಥಿತಿಯಲ್ಲಿರಬಹುದು. ಅಂಥವರಲ್ಲಿ ಅನೇಕರು ನೆಚ್ಚಿ ಹೋದದ್ದು ಉದ್ಯೋಗದ ಜಾಹೀರಾತನ್ನೇ. ಟೆಲಿಗ್ರಾಂನಲ್ಲಿ ನಿಮ್ಮೊಡನೆ ಸಿಹಿಮಾತಾಡುತ್ತಿರುವವನೂ ಹಾಗೆಯೇ ಸಿಕ್ಕಿಬಿದ್ದವನಿರಬಹುದು ಎಂಬುದನ್ನು ಯೋಚಿಸಿದರೆ ಸಿಟ್ಟು ಯಾರ ಮೇಲೆ ಎಂಬುದೇ ತಿಳಿಯದಾಗುತ್ತದೆ.

ಎರಡನೆಯ ಸಂಸ್ಥೆಯ ವಿಚಾರಕ್ಕೆ ಬರೋಣ. ಅವರು ಕೈ ಆಡಿಸಲು ಹೇಳಿದ್ದು ನಿಮ್ಮನ್ನು ಕೀಳಾಗಿ ಕಂಡು ಅಲ್ಲ. ದೂರದಿಂದ ನೇಮಿಸಿಕೊಳ್ಳುವವರಿಗೂ ಈಗ ತಮ್ಮದೇ ಆದ ಭಯವಿದೆ. ಕದ್ದ ಗುರುತು ಮತ್ತು ಡೀಪ್‌ಫೇಕ್, ಅಂದರೆ ಕಂಪ್ಯೂಟರಿನಿಂದ ಸೃಷ್ಟಿಸಿದ ನಕಲಿ ಮುಖವನ್ನು ಬಳಸಿ ರಿಮೋಟ್ ಕೆಲಸಕ್ಕೆ ಅರ್ಜಿ ಹಾಕುವವರ ಬಗ್ಗೆ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ 2022ರ ಜೂನ್‌ನಲ್ಲೇ ಎಚ್ಚರಿಸಿತ್ತು. ಅದಕ್ಕೂ ಒಂದು ತಿಂಗಳ ಹಿಂದೆ, ಉತ್ತರ ಕೊರಿಯಾದ ಐಟಿ ಕೆಲಸಗಾರರು ಬೇರೆ ದೇಶದವರಂತೆ ನಟಿಸಿ ಕೆಲಸ ಹಿಡಿಯುತ್ತಿದ್ದಾರೆಂದು ಅಮೆರಿಕದ ಸರ್ಕಾರ ಪ್ರಕಟಣೆ ಹೊರಡಿಸಿತ್ತು. 2024ರ ಜುಲೈನಲ್ಲಿ ನೋಬಿಫೋರ್ ಎಂಬ ಅಮೆರಿಕದ ಕಂಪನಿ ತನಗಾದದ್ದನ್ನು ತಾನೇ ಬಹಿರಂಗಪಡಿಸಿತು. ಅದು ನೌಕರರಿಗೆ ಇಂಥ ಮೋಸಗಳನ್ನು ಗುರುತಿಸುವ ತರಬೇತಿ ಕೊಡುವ ಕಂಪನಿ. ನಾಲ್ಕು ವಿಡಿಯೊ ಸಂದರ್ಶನ, ಹಿನ್ನೆಲೆ ಪರಿಶೀಲನೆ ಎಲ್ಲ ಮುಗಿಸಿ ಅವರು ಎಂಜಿನಿಯರ್ ಒಬ್ಬನನ್ನು ನೇಮಿಸಿಕೊಂಡರು, ಕಳಿಸಿಕೊಟ್ಟ ಕಂಪ್ಯೂಟರ್ ಕೈ ಸೇರಿದೊಡನೆ ಅವನು ಅದರಲ್ಲಿ ಕುತಂತ್ರಾಂಶ ತುಂಬತೊಡಗಿದ. ಅವನು ಕೊಟ್ಟ ಗುರುತು ಕದ್ದದ್ದು, ಭಾವಚಿತ್ರವು ಕೃತಕ ಬುದ್ಧಿಮತ್ತೆಯಿಂದ ತಿದ್ದಿದ್ದು. ಹಿನ್ನೆಲೆ ಪರಿಶೀಲನೆಯಲ್ಲಿ ಅದು ಸಿಕ್ಕಿಬೀಳಲಿಲ್ಲ, ಏಕೆಂದರೆ ಆ ಹೆಸರಿನ ವ್ಯಕ್ತಿ ನಿಜವಾಗಿಯೂ ಇದ್ದ. ಗಮನಿಸಿ, ನಿಮಗೆ ನಡೆದ ಮೋಸದ ತಿರುವುಮುರುವು ಇದು. ಅಲ್ಲಿ ಅಸಲಿ ಕಂಪನಿಯ ಹೆಸರನ್ನು ನಕಲಿ ಉದ್ಯೋಗದಾತ ತೊಟ್ಟುಕೊಂಡಿದ್ದಾನೆ, ಇಲ್ಲಿ ಅಸಲಿ ವ್ಯಕ್ತಿಯ ಹೆಸರನ್ನು ನಕಲಿ ಅಭ್ಯರ್ಥಿ ತೊಟ್ಟುಕೊಂಡಿದ್ದ.

ಮುಖದ ಮುಂದೆ ಕೈ ಆಡಿಸಿದಾಗ, ತಲೆಯನ್ನು ಪೂರ್ತಿ ಪಕ್ಕಕ್ಕೆ ತಿರುಗಿಸಿದಾಗ, ಮುಖ ಬದಲಿಸುವ ತಂತ್ರಾಂಶ ತಡಬಡಿಸಿ ಅಂಚುಗಳು ಚೆದುರುತ್ತವೆ ಎಂಬುದು ಆ ಪರೀಕ್ಷೆಯ ಹಿಂದಿರುವ ಲೆಕ್ಕ. ನನ್ನ ಅಭಿಪ್ರಾಯದಲ್ಲಿ ಅದು ದುರ್ಬಲ ಪರೀಕ್ಷೆ, ತಂತ್ರಾಂಶ ಸುಧಾರಿಸಿದಂತೆ ಇನ್ನೂ ದುರ್ಬಲವಾಗುತ್ತದೆ. ಆದರೆ ಮುಂಚಿತವಾಗಿ ಹೇಳಿ, ಎಲ್ಲ ಅಭ್ಯರ್ಥಿಗಳಿಗೂ ಒಂದೇ ರೀತಿ ಮಾಡುವ ಕಂಪನಿ ಅದರಿಂದ ಅವಮಾನಿಸುವುದಿಲ್ಲ, ಸಂದರ್ಶನದ ನಡುವೆ ಇದ್ದಕ್ಕಿದ್ದಂತೆ ಕೇಳುವುದು ಸೌಜನ್ಯದ ಕೊರತೆ ಅಷ್ಟೆ. ಅಸಲಿ ಕಂಪನಿಗೆ ನಿಮ್ಮ ಬಗ್ಗೆ ಅನುಮಾನ ಇರುವುದು ಸಹಜ, ವಂಚಕನಿಗೆ ಮಾತ್ರ ನಿಮ್ಮ ಬಗ್ಗೆ ಯಾವ ಅನುಮಾನವೂ ಇರುವುದಿಲ್ಲ.

ಅವರು ನಂಬುವಂತೆ ಮಾಡಲು ನೀವು ಹೆಚ್ಚು ದಾಖಲೆ ಕೊಡಬೇಕಿಲ್ಲ, ಅನುಮಾನ ಹುಟ್ಟಿಸುವ ಚಹರೆಗಳಿಂದ ದೂರವಿದ್ದರೆ ಅರ್ಧ ಕೆಲಸ ಮುಗಿಯಿತು. ನೇಮಕಾತಿ ಮಾಡುವವರು ಈಗ ಕಣ್ಣಿಡುವುದು ಕೆಲವು ಸಂಗತಿಗಳ ಮೇಲೆ: ಕ್ಯಾಮೆರಾ ಪದೇ ಪದೇ ಕೆಡುವುದು, ಮಸುಕಾದ ಹಿನ್ನೆಲೆಯನ್ನು ತೆಗೆಯಲು ಒಪ್ಪದಿರುವುದು, ಅರ್ಜಿಯಲ್ಲಿ ಒಂದು ದೇಶ, ನಿಜವಾದ ನೆಲೆಯನ್ನು ಮರೆಮಾಡುವ ವಿಪಿಎನ್‌ನಿಂದಾಗಿ ಇನ್ನೊಂದು ದೇಶದಿಂದ ಲಾಗಿನ್, ಗುರುತಿನ ಚೀಟಿಯಲ್ಲಿ ಒಂದು ವಿಳಾಸ, ಲ್ಯಾಪ್‌ಟಾಪ್ ಕಳಿಸಬೇಕಾದದ್ದು ಬೇರೆ ವಿಳಾಸಕ್ಕೆ, ಸಂಬಳದ ಹಿಂದಿನ ದಿನ ಖಾತೆ ಬದಲಿಸಿ ಎಂಬ ಕೋರಿಕೆ. ಇವುಗಳಲ್ಲಿ ಯಾವುದಕ್ಕಾದರೂ ನಿಮ್ಮಲ್ಲಿ ಪ್ರಾಮಾಣಿಕ ಕಾರಣವಿದ್ದರೆ ಅವರು ಕೇಳುವ ಮೊದಲೇ ಹೇಳಿಬಿಡಿ. ಅದಕ್ಕಿಂತಲೂ ಬೆಲೆಬಾಳುವುದು ಕೆಲಸದ ಬಗೆಗಿನ ವಿವರವಾದ ಮಾತು. ನೀವು ಒಮ್ಮೆ ಹಿಡಿದ ಯಾವುದಾದರೂ ಹಠಮಾರಿ ದೋಷವನ್ನು ನೆನಪಿಸಿಕೊಳ್ಳಿ: ಅದು ನೂರು ಸಲ ಓಡಿಸಿದರೆ ಎರಡು ಸಲ ಮಾತ್ರ ಕಾಣಿಸಿಕೊಳ್ಳುತ್ತಿತ್ತು ಎನ್ನಿ, ಮೊದಲು ಯಾರ ಮೇಲೆ ಅನುಮಾನ ಪಟ್ಟಿರಿ, ಯಾವ ಊಹೆ ತಪ್ಪಾಯಿತು, ಡೆವಲಪರ್ ಒಪ್ಪದಿದ್ದಾಗ ಏನು ತೋರಿಸಿದಿರಿ ಎಂಬುದನ್ನು ಹೇಳಿ. ಬಾಡಿಗೆ ಮುಖದ ಹಿಂದೆ ಕುಳಿತು ಯಾರೋ ಟೈಪ್ ಮಾಡಿದ ಉತ್ತರ ಓದುವವನು ಮೊದಲ ಪ್ರಶ್ನೆಗೆ ಚೆನ್ನಾಗಿಯೇ ಉತ್ತರಿಸುತ್ತಾನೆ, ಅದರೊಳಗಿಂದ ಹುಟ್ಟುವ ಮೂರನೆಯ ಪ್ರಶ್ನೆಗೆ ಎಡವುತ್ತಾನೆ.

ಇದಕ್ಕೆ ಅಂಟಿಕೊಂಡ ಒಂದು ಬಲೆಯಿದೆ. ನಿಮ್ಮ ಪ್ರೊಫೈಲ್ ನಮಗೆ ಕೊಡಿ, ಸಂದರ್ಶನಕ್ಕೆ ನೀವು ಕುಳಿತರೆ ಸಾಕು, ಕೆಲಸ ನಾವು ಮಾಡುತ್ತೇವೆ, ಸಂಬಳದಲ್ಲಿ ಪಾಲು ನಿಮ್ಮದು ಎಂಬ ಆಹ್ವಾನ ಅನುಭವಿಗಳಿಗೇ ಹೆಚ್ಚಾಗಿ ಬರುತ್ತದೆ. ಅರಿಜೋನಾದ ಮಹಿಳೆಯೊಬ್ಬರು ಕಂಪನಿಗಳು ಕಳಿಸಿದ ಲ್ಯಾಪ್‌ಟಾಪ್‌ಗಳನ್ನು ತಮ್ಮ ಮನೆಯಲ್ಲಿ ಸಾಲಾಗಿ ಇಟ್ಟುಕೊಂಡು, ಉತ್ತರ ಕೊರಿಯಾದ ಕೆಲಸಗಾರರು ಅಮೆರಿಕದಲ್ಲೇ ಕುಳಿತಿದ್ದಾರೆಂದು ತೋರುವಂತೆ ನೆರವಾಗುತ್ತಿದ್ದರು. 300ಕ್ಕೂ ಹೆಚ್ಚು ಕಂಪನಿಗಳು ಮೋಸಹೋದ ಆ ಪ್ರಕರಣದಲ್ಲಿ 2025ರ ಜುಲೈನಲ್ಲಿ ಅವರಿಗೆ ಎಂಟೂವರೆ ವರ್ಷಗಳ ಸೆರೆವಾಸವಾಯಿತು.

ಕೋಡ್ ಓಡಿಸುವ ವಿಚಾರದಲ್ಲಿ ನೀವು ಟೆಸ್ಟರ್ ಆಗಿರುವುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎರಡನೆಯ ಸಂಸ್ಥೆ ಅಸಲಿ ಎಂದೇ ನನ್ನ ಅಂದಾಜು, ಆದರೆ ಅಪರಿಚಿತರ ಕೋಡ್ ಅನ್ನು ಬ್ಯಾಂಕಿನ ಪಾಸ್‌ವರ್ಡ್‌ಗಳಿರುವ ಕಂಪ್ಯೂಟರಿನಲ್ಲಿ ಓಡಿಸಲು ಆ ಅಂದಾಜು ಸಾಲದು. ಸಂದರ್ಶನದ ಪರೀಕ್ಷೆಯೆಂದು, ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನ ಕೊಂಡಿ ಕೊಟ್ಟು, ಅದರ ಮೂಲಕ ಡೆವಲಪರ್‌ಗಳ ಕಂಪ್ಯೂಟರಿಗೆ ನುಗ್ಗುವ ಕಾರ್ಯಾಚರಣೆಯೊಂದನ್ನು ಪಾಲೊ ಆಲ್ಟೊ ನೆಟ್‌ವರ್ಕ್ಸ್ ಎಂಬ ಸೈಬರ್ ಭದ್ರತಾ ಸಂಸ್ಥೆಯ ಸಂಶೋಧಕರು 2023ರ ನವೆಂಬರ್‌ನಲ್ಲಿ ವಿವರಿಸಿದರು. ಸಿದ್ಧ ಕೋಡ್ ಪ್ಯಾಕೇಜುಗಳನ್ನು ಇಳಿಸಿಕೊಳ್ಳುವ ಎನ್‌ಪಿಎಂ ಇನ್‌ಸ್ಟಾಲ್ ಎಂಬ ಒಂದೇ ಆಜ್ಞೆ ಕೊಟ್ಟರೂ ಸಾಕು, ಪ್ಯಾಕೇಜಿನೊಳಗೆ ಅಡಗಿಸಿಟ್ಟ ಸ್ಕ್ರಿಪ್ಟ್ ತಾನಾಗಿ ಓಡಿ ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನೂ ಕ್ರಿಪ್ಟೊ ವ್ಯಾಲೆಟ್‌ಗಳನ್ನೂ ಹೊತ್ತೊಯ್ಯಬಲ್ಲದು. ಕೋಡ್ ಬರೆಯುವ ತಂತ್ರಾಂಶವಾದ ವಿಎಸ್ ಕೋಡ್‌ನಲ್ಲಿ ಹೊಸ ಫೋಲ್ಡರ್ ತೆರೆದಾಗ, ಈ ಕಡತಗಳನ್ನು ಬರೆದವರನ್ನು ನಂಬುತ್ತೀರಾ ಎಂದು ಒಂದು ಚೌಕ ಮೂಡುತ್ತದೆಯಲ್ಲ, ನಾವೆಲ್ಲ ಓದದೆಯೇ ಹೌದು ಎಂದು ಒತ್ತುವುದು, ಅದು ಕಾಟಾಚಾರಕ್ಕೆ ಇಟ್ಟ ಪ್ರಶ್ನೆಯಲ್ಲ. ಉದ್ಯೋಗದ ಆಮಿಷದ ಬೆಲೆ ಎಷ್ಟಾಗಬಹುದೆಂಬುದಕ್ಕೆ ಕ್ರಿಪ್ಟೊ ವಹಿವಾಟು ನಡೆಯುವ ರೋನಿನ್ ಎಂಬ ಬ್ಲಾಕ್‌ಚೈನ್ ಜಾಲದ ಪ್ರಕರಣವಿದೆ. 2022ರ ಮಾರ್ಚ್‌ನಲ್ಲಿ ಅಲ್ಲಿಂದ 60 ಕೋಟಿ ಡಾಲರಿಗೂ ಮೀರಿದ ಕ್ರಿಪ್ಟೊ ಕಳುವಾಯಿತು, ಹಿರಿಯ ಎಂಜಿನಿಯರ್ ಒಬ್ಬರು ನಕಲಿ ನೇಮಕಾತಿಯ ಪಿಡಿಎಫ್ ತೆರೆದದ್ದೇ ಅದರ ಆರಂಭ ಎಂದು ನಂತರ ವರದಿಯಾಯಿತು. ನೀವು ಮಾಡಬೇಕಾದದ್ದು ಇಷ್ಟು: ಪರೀಕ್ಷೆಯ ಕೋಡ್ ಅನ್ನು ನಿಮ್ಮ ಯಾವ ಖಾತೆಗೂ ಲಾಗಿನ್ ಆಗಿರದ ವರ್ಚುವಲ್ ಮಷಿನ್‌ನಲ್ಲಿ (ಕಂಪ್ಯೂಟರಿನೊಳಗೇ ಪ್ರತ್ಯೇಕವಾಗಿ ಓಡುವ ಇನ್ನೊಂದು ಕಂಪ್ಯೂಟರಿನಂಥದ್ದು) ಓಡಿಸಿ, ಅಥವಾ ಅವರದೇ ಕ್ಲೌಡ್ ಕಂಪ್ಯೂಟರಿಗೆ ಪ್ರವೇಶ ಕೇಳಿ. ಈಗಿನ ಕೆಲಸದ ಕಚೇರಿ ಲ್ಯಾಪ್‌ಟಾಪಿನಲ್ಲಂತೂ ಬೇಡವೇ ಬೇಡ. ಈ ಕೋರಿಕೆಗೆ ಸಿಡುಕುವ ಸಂಸ್ಥೆ ಟೆಸ್ಟರ್ ಕೆಲಸವನ್ನೇ ಅರ್ಥಮಾಡಿಕೊಂಡಿಲ್ಲ.

ಸಂಬಳವಿಲ್ಲದ ಒಂದು ವಾರವನ್ನು ನಾನು ಒಪ್ಪುವುದಿಲ್ಲ. ಇದು ವಂಚನೆಯ ಲಕ್ಷಣವೆಂದು ಹೇಳುತ್ತಿಲ್ಲ. ಸಣ್ಣ ಸಂಸ್ಥೆಗಳು ತಪ್ಪು ಆಯ್ಕೆಯ ಭಯದಿಂದ ಹೀಗೆ ಕೇಳುವುದುಂಟು. ಆದರೆ ಒಂದು ವಾರದ ದುಡಿಮೆಯಲ್ಲಿ ಅಪಾಯವೆಲ್ಲ ನಿಮ್ಮದೇ, ಅವರು ಪಣಕ್ಕಿಡುವುದು ಏನೂ ಇಲ್ಲ. ಪರಸ್ಪರ ನೋಡದವರ ನಡುವೆ ವಿಶ್ವಾಸ ಬೆಳೆಯುವುದು ಇಬ್ಬರೂ ಸರದಿಯಂತೆ ಸ್ವಲ್ಪ ಸ್ವಲ್ಪ ಕೊಡುತ್ತ ಹೋದಾಗ, ಯಾವ ಹಂತದಲ್ಲಿ ಮಾತು ಮುರಿದರೂ ಯಾರಿಗೂ ತಾಳಲಾರದ ನಷ್ಟವಾಗದಂತೆ ಹಂತಗಳನ್ನು ಚಿಕ್ಕದಾಗಿ ಕತ್ತರಿಸಿಕೊಂಡಾಗ. ಎರಡು ಗಂಟೆಯ ಪರೀಕ್ಷೆಯನ್ನು ಉಚಿತವಾಗಿ ಮಾಡಿಕೊಡಿ. ಅದು ಹಿಡಿಸಿದರೆ ಎರಡು ಮೂರು ದಿನದ, ಹಣ ಕೊಡುವ ಕೆಲಸ. ಅದರ ಹಣ ಬಂದ ಮೇಲೆ ಒಂದು ತಿಂಗಳ ಗುತ್ತಿಗೆ, ಹದಿನೈದು ದಿನಕ್ಕೊಮ್ಮೆ ಪಾವತಿ. ಫ್ರೀಲಾನ್ಸ್ ತಾಣಗಳ ಎಸ್ಕ್ರೋ ವ್ಯವಸ್ಥೆಯಲ್ಲಿ ಗ್ರಾಹಕನ ಹಣ ಮೊದಲೇ ಮೂರನೆಯವರ ಕೈಯಲ್ಲಿ ಕುಳಿತಿರುತ್ತದೆ, ಆರಂಭದ ತಿಂಗಳುಗಳಿಗೆ ಅದು ಒಳ್ಳೆಯ ಏರ್ಪಾಡು. ಆದರೆ ತಾಣದ ಹೊರಗೆ ಬನ್ನಿ, ಕಮಿಷನ್ ಉಳಿಯುತ್ತದೆ ಎಂದು ಮೊದಲ ವಾರವೇ ಕರೆಯುವವರ ಮಾತು ಕೇಳಬೇಡಿ. ಹಣ ಕಳಿಸಿದೆವೆಂದು ಬರುವ ಬ್ಯಾಂಕ್ ರಸೀದಿಯ ಚಿತ್ರವನ್ನು ಪಾವತಿಯೆಂದು ಎಣಿಸಬೇಡಿ, ನಿಮ್ಮ ಬ್ಯಾಂಕ್ ಖಚಿತಪಡಿಸಿದ ಮೇಲಷ್ಟೇ ಅದು ಪಾವತಿ.

ಗುರುತಿನ ದಾಖಲೆಗಳಿಗೂ ಇದೇ ಕ್ರಮ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಅವರಿಗೆ ನಿಮ್ಮ ಪಾಸ್‌ಪೋರ್ಟ್ ಬೇಕಾಗುವುದಿಲ್ಲ, ಆಮೇಲೆ ಬೇಕಾಗಬಹುದು. ಇಮೇಲಿಗೆ ಲಗತ್ತಿಸುವ ಬದಲು ಅವರ ಎಚ್‌ಆರ್ ವ್ಯವಸ್ಥೆಯಲ್ಲೋ ಗುರುತು ಪರಿಶೀಲಿಸುವ ಸೇವೆಯಲ್ಲೋ ಸಲ್ಲಿಸಿ. ಪ್ರತಿಯನ್ನೇ ಕಳಿಸಬೇಕಾದರೆ ಯಾರಿಗೆ, ಯಾವ ಉದ್ದೇಶಕ್ಕೆ, ಯಾವ ದಿನಾಂಕ ಎಂಬುದನ್ನು ಅದರ ಮೇಲೆಯೇ ಅಡ್ಡಲಾಗಿ ಬರೆದು ಕಳಿಸಿ. ಹಿಂದೊಮ್ಮೆ ನಾನು ಕೆಲಸ ಮಾಡುತ್ತಿದ್ದ ಸಂಸ್ಥೆಯೊಂದರಲ್ಲಿ ಮೊದಲ ಸಂದರ್ಶನಕ್ಕೂ ಮುಂಚೆಯೇ ಎಲ್ಲ ಅಭ್ಯರ್ಥಿಗಳಿಂದ ಗುರುತಿನ ಚೀಟಿ ತರಿಸಿಕೊಳ್ಳುವ ಪದ್ಧತಿ ಇತ್ತು. ಬಹಳ ಒಳ್ಳೆಯ ಎಂಜಿನಿಯರ್ ಒಬ್ಬರು, ನೀವು ಇದನ್ನು ಎಲ್ಲಿ ಇಡುತ್ತೀರಿ, ಯಾವಾಗ ಅಳಿಸುತ್ತೀರಿ ಎಂದು ಕೇಳಿದರು. ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಅವರು ಬರಲಿಲ್ಲ, ನಾವು ಆ ಪದ್ಧತಿಯನ್ನು ಕೈಬಿಟ್ಟೆವು. ನೀವೂ ಅದೇ ಪ್ರಶ್ನೆ ಕೇಳಬಹುದು.

ಹೆಸರಿಲ್ಲದ ಸಂಸ್ಥೆಯನ್ನು ಪರಿಶೀಲಿಸುವುದು ಒಂದು ಅರ್ಥದಲ್ಲಿ ಸುಲಭ, ಏಕೆಂದರೆ ಅದರ ಹೆಸರನ್ನು ಕದಿಯಲು ಯಾರಿಗೂ ಆಸಕ್ತಿಯಿಲ್ಲ. ಒಪ್ಪಂದಕ್ಕೆ ಸಹಿ ಹಾಕುವ ಕಾನೂನುಬದ್ಧ ಘಟಕದ ಪೂರ್ಣ ಹೆಸರು ಮತ್ತು ನೋಂದಣಿ ಸಂಖ್ಯೆ ಕೇಳಿ. ಬ್ರಿಟನ್ನಿನ ಕಂಪನೀಸ್ ಹೌಸ್‌ನಂಥ ಸಾರ್ವಜನಿಕ ನೋಂದಣಿಗಳಲ್ಲಿ ಸ್ಥಾಪನೆಯ ದಿನಾಂಕ, ನಿರ್ದೇಶಕರ ಹೆಸರು, ಸಲ್ಲಿಸಿದ ಲೆಕ್ಕಪತ್ರ ಎಲ್ಲವೂ ಉಚಿತವಾಗಿ ಸಿಗುತ್ತವೆ. ಸಂದರ್ಶನ ಮಾಡಿದವರ ಹೆಸರು ಅಲ್ಲಿಯೋ, ಕಂಪನಿಯ ತಾಣದಲ್ಲಿಯೋ, ಅವರು ವರ್ಷಗಳಿಂದ ಬರೆದ ಕೋಡ್‌ನಲ್ಲಿಯೋ ಒಂದಕ್ಕೊಂದು ಹೊಂದುವಂತೆ ಇದೆಯೇ ನೋಡಿ. ಅಲ್ಲಿ ಈಗ ಕೆಲಸ ಮಾಡುತ್ತಿರುವ, ನಿಮ್ಮಂತೆಯೇ ಬೇರೆ ದೇಶದಿಂದ ಸೇರಿದ ಒಬ್ಬರೊಡನೆ ಹದಿನೈದು ನಿಮಿಷ ಮಾತಾಡಿಸಿ ಎಂದು ಕೇಳಿ, ಸಂಬಳ ಯಾವ ದಿನ ಬರುತ್ತದೆ, ಎಂದಾದರೂ ತಡವಾಗಿತ್ತೇ ಎಂಬುದನ್ನು ಅವರಲ್ಲಿ ವಿಚಾರಿಸಿ. ನಿಮ್ಮನ್ನು ಗುತ್ತಿಗೆದಾರರಾಗಿ ತೆಗೆದುಕೊಳ್ಳುತ್ತಾರೋ, ನಿಮ್ಮ ದೇಶದ ಕಾನೂನಿನಂತೆ ನೌಕರಿ ಕೊಡುವ ಎಂಪ್ಲಾಯರ್ ಆಫ್ ರೆಕಾರ್ಡ್ ಸಂಸ್ಥೆಯ ಮೂಲಕವೋ ಎಂಬುದನ್ನೂ ಕೇಳಿಕೊಳ್ಳಿ, ತೆರಿಗೆ, ರಜೆ, ಕೆಲಸ ತಪ್ಪಿದರೆ ಸಿಗುವ ರಕ್ಷಣೆ ಎಲ್ಲವೂ ಅದರ ಮೇಲೆ ನಿಂತಿವೆ. ಅವರು ಅಮೆರಿಕದವರಾಗಿದ್ದು ನೀವು ಗುತ್ತಿಗೆದಾರರಾದರೆ ಡಬ್ಲ್ಯು-8ಬೆನ್ ಎಂಬ ನಮೂನೆ ತುಂಬಲು ಹೇಳಬಹುದು. ನೀವು ಅಮೆರಿಕದ ತೆರಿಗೆ ನಿವಾಸಿಯಲ್ಲ ಎಂದು ತಿಳಿಸುವ ಮಾಮೂಲು ಕಾಗದ ಅದು, ಅದಕ್ಕೆ ಹೆದರಬೇಕಿಲ್ಲ.

ಇವತ್ತೇ ಅವರಿಗೆ ಬರೆಯುವುದಾದರೆ ಹೀಗೆ ಬರೆಯಬಹುದು: "ನಿಮ್ಮ ತಂಡದೊಡನೆ ಕೆಲಸ ಮಾಡಲು ಆಸಕ್ತಿಯಿದೆ. ವಾರದ ಬದಲು ಮೂರು ದಿನದ ಪರೀಕ್ಷಾರ್ಥ ಕೆಲಸವನ್ನು ಒಪ್ಪಿದ ದರಕ್ಕೆ ಮಾಡಿಕೊಡಲು ಸಿದ್ಧನಿದ್ದೇನೆ. ಕೋಡ್ ಅನ್ನು ಪ್ರತ್ಯೇಕ ವರ್ಚುವಲ್ ಮಷಿನ್‌ನಲ್ಲಿ ಓಡಿಸುತ್ತೇನೆ. ಒಪ್ಪಂದ ಮಾಡಿಕೊಳ್ಳುವ ಘಟಕದ ನೋಂದಣಿ ವಿವರ ಕಳಿಸಿದರೆ ಅನುಕೂಲ. ನನ್ನ ಗುರುತನ್ನು ಖಚಿತಪಡಿಸಿಕೊಳ್ಳಲು ನಿಮಗೆ ಬೇಕೆನಿಸಿದಾಗ ಇನ್ನೊಂದು ವಿಡಿಯೊ ಕರೆಗೆ ಬರುತ್ತೇನೆ." ಇದಕ್ಕೆ ದರದ ಬಗ್ಗೆ ಚೌಕಾಶಿ ಬಂದರೆ ಮಾತು ಮುಂದುವರಿಸಿ. ಇವತ್ತು ರಾತ್ರಿಯೊಳಗೆ ಹೇಳಿ, ಬೇರೆಯವರು ಕಾದಿದ್ದಾರೆ ಎಂಬ ಉತ್ತರ ಬಂದರೆ ಬೇರೆಯವರಿಗೇ ಬಿಟ್ಟುಕೊಡಿ. ಟೆಲಿಗ್ರಾಂನವರಿಗೆ ಮಾತ್ರ ಏನನ್ನೂ ಬರೆಯಬೇಡಿ, ನಿಮಗೆ ಗೊತ್ತಾಯಿತೆಂದು ಹೇಳುವ ಸಂತೋಷವನ್ನೂ ಬಿಟ್ಟುಬಿಡಿ. ಕೆಲವು ವಾರಗಳ ನಂತರ ನಿಮ್ಮ ಪಾಸ್‌ಪೋರ್ಟ್ ಪ್ರತಿಯನ್ನು ಅಳಿಸಿಕೊಡುತ್ತೇವೆ, ಇಷ್ಟು ಶುಲ್ಕ ಎಂದು ತನಿಖಾಧಿಕಾರಿಯ ಹೆಸರಿನಲ್ಲಿ ಇನ್ನೊಬ್ಬರು ಸಂಪರ್ಕಿಸಿದರೆ, ಅವರೂ ಅದೇ ಕೋಣೆಯಲ್ಲಿ ಕುಳಿತವರೆಂದೇ ತಿಳಿಯಿರಿ.